ಎಣ್ಣೆ ‘ಪಾಸ್’ ಆಯಿತು, ಟ್ರಾನ್ಸ್‌ಫಾರ್ಮರ್ ಹೋಯಿತು



ಮನೇಲಿರೋ ಬೆಳ್ಳಿ ದೀಪವನ್ನು ನೆನಪು ಮಾಡಿಕೊಳ್ಳಿ. ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಹಬ್ಬಕ್ಕೆ ಹೊರಗೆ ತೆಗೆದರೆ ಕಪ್ಪಾಗಿರುತ್ತೆ. ಅದು ಬರೀ ಕೊಳೆಯಲ್ಲ, ಗಾಳಿಯಲ್ಲಿರೋ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆದ ಪದರ. ದೀಪವನ್ನಾದರೆ ಉಜ್ಜಿ ತೊಳೆಯಬಹುದು. ಇದೇ ಕೆಲಸ ಟ್ರಾನ್ಸ್‌ಫಾರ್ಮರ್ ಹೊಟ್ಟೆಯೊಳಗೆ ತಾಮ್ರದ ಸುರುಳಿಯ ಮೇಲೆ ನಡೆದರೆ ಉಜ್ಜೋರು ಯಾರು?

ದೊಡ್ಡ ಟ್ರಾನ್ಸ್‌ಫಾರ್ಮರ್‌ನಲ್ಲಿ ತಾಮ್ರದ ತಂತಿಗೆ ಕಾಗದ ಸುತ್ತಿರುತ್ತಾರೆ. ಇಡೀ ಸುರುಳಿ ಎಣ್ಣೆಯಲ್ಲಿ ಮುಳುಗಿರುತ್ತೆ. ಕಚ್ಚಾತೈಲದಿಂದ ಬಂದ ಎಣ್ಣೆಯಲ್ಲಿ ಗಂಧಕ ಇರೋದು ಸಹಜ, ಎಲ್ಲ ಗಂಧಕವೂ ಕೆಟ್ಟದ್ದಲ್ಲ. ಕೆಲವು ಸಂಯುಕ್ತಗಳು ಮಾತ್ರ ಬಿಸಿಗೆ ತಾಮ್ರವನ್ನು ಕಚ್ಚುತ್ತವೆ. ಅದರಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡಿದ್ದು ಡೈಬೆಂಜೈಲ್ ಡೈಸಲ್ಫೈಡ್, ಚಿಕ್ಕದಾಗಿ ಡಿಬಿಡಿಎಸ್. ಅದು ತಾಮ್ರದ ಸಲ್ಫೈಡ್ ಆಗಿ ಕಾಗದದೊಳಗೆ ಕೂತುಕೊಳ್ಳುತ್ತೆ. ವಿದ್ಯುತ್ತನ್ನು ತಡೀಬೇಕಾದ ಕಾಗದವೇ ಹರಿಯೋಕೆ ದಾರಿ ಕೊಡುತ್ತೆ. ಒಂದು ದಿನ ಪಕ್ಕಪಕ್ಕದ ಸುತ್ತುಗಳ ನಡುವೆ ಶಾರ್ಟ್.

ನಾನು ಎಣ್ಣೆ ಪರೀಕ್ಷೆಯ ಕೆಲಸದಲ್ಲಿದ್ದಾಗ ಒಂದು ರಿಪೋರ್ಟಿಗೆ ಸಹಿ ಹಾಕಿದ್ದೆ. ಬಿಡಿವಿ ಚೆನ್ನಾಗಿತ್ತು, ತೇವಾಂಶ ಕಡಿಮೆ, ಕರಗಿದ ಅನಿಲಗಳ ಪರೀಕ್ಷೆಯಲ್ಲೂ ತಕರಾರಿಲ್ಲ. ತಾಮ್ರದ ಪಟ್ಟಿಯ ಹಳೇ ಪರೀಕ್ಷೆಯೂ ಪಾಸ್. ಕೆಲವೇ ತಿಂಗಳಲ್ಲಿ ಆ ಟ್ರಾನ್ಸ್‌ಫಾರ್ಮರ್ ಹೋಯಿತು. ಬಿಚ್ಚಿ ನೋಡಿದರೆ ಒಳಪದರದ ಕಾಗದ ಸೀಸದಂತೆ ಹೊಳೀತಿತ್ತು. ರಿಪೋರ್ಟಿನಲ್ಲಿ ಸುಳ್ಳಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ನಾವು ಕೇಳಿರಲಿಲ್ಲ.

ಆ ಹಳೇ ಪರೀಕ್ಷೆ ಎಎಸ್‌ಟಿಎಂ ಡಿ1275. ಹೊಳಪು ಕೊಟ್ಟ ತಾಮ್ರದ ಪಟ್ಟಿಯನ್ನು ಎಣ್ಣೆಯಲ್ಲಿಟ್ಟು 140 ಡಿಗ್ರಿಯಲ್ಲಿ 19 ಗಂಟೆ ಕಾಯಿಸಿ, ಬಣ್ಣ ನೋಡೋದು. ಇದರಲ್ಲಿ ಪಾಸಾದ ಎಣ್ಣೆಗಳೇ ಕೈಕೊಟ್ಟವು. ಆಮೇಲೆ ಅದನ್ನು 150 ಡಿಗ್ರಿ, 48 ಗಂಟೆಗೆ ಬಿಗಿ ಮಾಡಿದರು. 2008ರಲ್ಲಿ ಬಂದ ಐಇಸಿ 62535 ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ತಾಮ್ರಕ್ಕೆ ಕಾಗದ ಸುತ್ತಿ, 150 ಡಿಗ್ರಿಯಲ್ಲಿ 72 ಗಂಟೆ. ಆಮೇಲೆ ತಾಮ್ರವನ್ನೂ ನೋಡಬೇಕು, ಕಾಗದವನ್ನೂ ಬಿಚ್ಚಿ ನೋಡಬೇಕು. ಟ್ರಾನ್ಸ್‌ಫಾರ್ಮರ್ ಒಳಗೆ ಇರೋದೇ ಹಾಗಲ್ಲವೇ? ಡಿಬಿಡಿಎಸ್ ಎಷ್ಟಿದೆ ಅಂತ ಅಳೆಯೋಕೆ ಐಇಸಿ 62697 ಇದೆ, ಅದು ಗ್ಯಾಸ್ ಕ್ರೊಮ್ಯಾಟೋಗ್ರಫಿ ಮೂಲಕ.

ಇಲ್ಲಿ ಮೂರು ಕಡೆ ಎಡವುತ್ತೇವೆ. ಒಂದು, ಸ್ಯಾಂಪಲ್ ತೆಗೆಯೋದು. ಗಂಧಕ ಹಾಕಿ ಹದ ಮಾಡಿದ ರಬ್ಬರ್ ಪೈಪ್ ಬಳಸಿದರೆ ಎಣ್ಣೆಗೆ ನಾವೇ ಗಂಧಕ ಸೇರಿಸಿದ ಹಾಗೆ. ಎರಡು, ಎಣ್ಣೆಗೆ ಮೊದಲೇ ಪ್ಯಾಸಿವೇಟರ್ ಹಾಕಿದ್ದರೆ ಅದು ತಾಮ್ರದ ಮೇಲೆ ತೆಳುವಾದ ರಕ್ಷಣೆ ಕಟ್ಟುತ್ತೆ. ಪರೀಕ್ಷೆಯ ಪಟ್ಟಿಯನ್ನೂ ಕಾಪಾಡಿಬಿಡುತ್ತೆ! ಹಾಗಾಗಿ ಲ್ಯಾಬ್‌ಗೆ ಸ್ಯಾಂಪಲ್ ಜೊತೆ ಎಣ್ಣೆಯ ಜಾತಕವನ್ನೂ ಕಳಿಸಿ.

ಮೂರನೆಯದೇ ದೊಡ್ಡದು. ಹಳೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಡಿಬಿಡಿಎಸ್ ವರ್ಷಕ್ಕೆ ವರ್ಷ ಕಡಿಮೆಯಾಗುತ್ತಿದ್ದರೆ ಖುಷಿಪಡಬೇಡಿ. ಅದು ಎಲ್ಲಿಗೆ ಹೋಯಿತು ಅಂತ ಕೇಳಿ. ಅದರಲ್ಲಿದ್ದ ಗಂಧಕ ಕಾಗದ ಸೇರಿರಬಹುದು. ಎಣ್ಣೆ ಶುದ್ಧ ಅಂದಮಾತ್ರಕ್ಕೆ ಸುರುಳಿ ಶುದ್ಧ ಅಂತಲ್ಲ.

ಪರಿಹಾರ ಇದೆ. ಸಾಮಾನ್ಯವಾಗಿ ಕೆಜಿ ಎಣ್ಣೆಗೆ 100 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾಸಿವೇಟರ್ ಹಾಕಬಹುದು, ಆಗಾಗ ಅದರ ಮಟ್ಟ ನೋಡುತ್ತಿರಬೇಕು. ಇಲ್ಲವೇ ಎಣ್ಣೆ ಬದಲಿಸಬಹುದು. ಆದರೆ ಈಗಾಗಲೇ ಕಾಗದದಲ್ಲಿ ಕೂತ ಸಲ್ಫೈಡನ್ನು ಇವೆರಡೂ ತೆಗೆಯೋದಿಲ್ಲ. ಅದಕ್ಕೇ ಬೇಗ ಪರೀಕ್ಷಿಸಬೇಕು ಅನ್ನೋದು.

ನಿಮ್ಮ ಬೀದಿಯ ಟಿಸಿ ಸುಟ್ಟರೆ ಇದೇ ಕಾರಣ ಅಂದುಕೊಳ್ಳಬೇಡಿ. ಈ ಕಾಟ ಹೆಚ್ಚಾಗಿ ಬಿಸಿಯಾಗಿ ದುಡಿಯೋ, ಗಾಳಿ ಸೋಕದಂತೆ ಮುಚ್ಚಿದ ದೊಡ್ಡ ಯಂತ್ರಗಳಿಗೆ. ಆದರೆ ಅವುಗಳಲ್ಲಿ ಒಂದು ಹೋದರೂ ಕತ್ತಲಾಗೋದು ಬೀದಿಯಲ್ಲ, ಊರು.

ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡೋ ಗೆಳೆಯರೇ, ನಾಳೆ ಡ್ಯೂಟಿಗೆ ಹೋದಾಗ ಫೈಲು ತೆಗೀರಿ. ‘ಗಂಧಕ: ಪಾಸ್’ ಅಂತ ಬರೆದಿದ್ದರೆ, ಯಾವ ಪರೀಕ್ಷೆ, ಎಷ್ಟು ಗಂಟೆ, ಕಾಗದ ಸುತ್ತಿದ್ದರಾ ಅಂತ ಕೇಳಿ. ನಾನು ಅಂದು ಕೇಳಲಿಲ್ಲ, ನೀವಾದರೂ ಕೇಳಿ.