ಕಾಲಿನ ಸಿರೆಗಳು

ನಾನು ಡಾಕ್ಟರಲ್ಲ, ಬೇಸಾಯದ ಡಿಪ್ಲೊಮಾ ಓದಿದವನು. ಆದರೂ ಇವತ್ತು ಬೆಳೆಯ ಮಾತು ಬಿಟ್ಟು ಕಾಲಿನ ಮಾತು ಎತ್ತಿದ್ದೇನೆ. ನಾನು ಓಡಾಡುವ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಒಳಗಿಣ್ಣಿನ ಮೇಲಾದ ಹುಣ್ಣಿಗೆ ಎರಡು ವರ್ಷ ಸೊಪ್ಪಿನ ರಸ ಹಚ್ಚಿದರು. ಮಾಯಲಿಲ್ಲ. ಹುಣ್ಣಿನ ಬೇರು ಇದ್ದದ್ದು ಸಿರೆಯಲ್ಲಿ.

ಸಿರೆ ಅಂದರೆ ಚರ್ಮದಡಿ ಹಸಿರಾಗಿ ಕಾಣುವ, ನಾವು 'ನರ' ಅನ್ನುವ ನಾಳ. ನಿಜಕ್ಕೂ ಅದು ನರವಲ್ಲ, ಹೃದಯಕ್ಕೆ ರಕ್ತ ವಾಪಸು ಒಯ್ಯುವ ಕಾಲುವೆ. ಚರ್ಮದ ಕೆಳಗೆ ದೊಡ್ಡವು ಎರಡು. ಒಂದು ಒಳಗಿಣ್ಣಿನ ಮುಂದಿನಿಂದ ಹೊರಟು ಕಾಲಿನ ಒಳಮಗ್ಗುಲಲ್ಲೇ ತೊಡೆಸಂದಿಯವರೆಗೆ ಏರುತ್ತದೆ. ಮೈಯಲ್ಲೆಲ್ಲ ಉದ್ದವಾದ ಸಿರೆ ಇದೇ. ಇನ್ನೊಂದು ಹೊರಗಿಣ್ಣಿನ ಹಿಂದಿನಿಂದ ಮೀನಖಂಡದ ನಡುವೆ ಏರಿ, ಸಾಮಾನ್ಯವಾಗಿ ಮೊಣಕಾಲಿನ ಹಿಂದೆ ಆಳಕ್ಕಿಳಿಯುತ್ತದೆ. ಆಳದ ಸಿರೆಗಳು ಮಾಂಸಖಂಡಗಳ ನಡುವೆ, ಧಮನಿಗಳ ಪಕ್ಕದಲ್ಲಿವೆ; ಮೊಣಕಾಲಿನ ಕೆಳಗೆ ಜೋಡಿಜೋಡಿಯಾಗಿವೆ. ಮೇಲಿನ ರಕ್ತವನ್ನು ಆಳಕ್ಕೆ ಬಿಡುವ ಅಡ್ಡಗಾಲುವೆಗಳೂ ಉಂಟು.

ಇಷ್ಟು ಕೆಳಗಿನಿಂದ ರಕ್ತ ಮೇಲೇರುವುದು ಹೇಗೆ? ನಡೆಯುವಾಗ ಮೀನಖಂಡ ಬಿಗಿಯುತ್ತದೆ, ಆಳದ ಸಿರೆಯನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸಡಿಲವಾದಾಗ ಹಿಂದಕ್ಕೆ ಬೀಳದಂತೆ ಒಳಗೆ ತೆಳ್ಳನೆಯ ಕವಾಟಗಳಿವೆ. ನಿಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮಾಡುವ ಕೆಲಸವೇ! 1603ರಲ್ಲಿ ಇಟಲಿಯ ಫ್ಯಾಬ್ರಿಷಿಯಸ್ ಈ ಕವಾಟಗಳ ಚಿತ್ರ ಅಚ್ಚುಹಾಕಿಸಿದ. ಅವು ರಕ್ತದ ಓಟ ತಡೆಯಲಿಕ್ಕೆ ಅಂದುಕೊಂಡ. ರಕ್ತಕ್ಕೆ ಒಂದೇ ದಿಕ್ಕು ಎಂದು 1628ರಲ್ಲಿ ತೋರಿಸಿಕೊಟ್ಟವನು ಅವನ ಶಿಷ್ಯ ಹಾರ್ವೆ.

ಫುಟ್‌ವಾಲ್ವ್ ಕೆಟ್ಟರೆ ಏನಾಗುತ್ತದೆ, ನಿಮಗೇ ಗೊತ್ತು. ಕವಾಟ ಸಡಿಲವಾದರೂ ಹಾಗೆಯೇ. ರಕ್ತ ಕೆಳಗೆ ನಿಲ್ಲುತ್ತದೆ, ಸಿರೆ ಉಬ್ಬಿ ಸುರುಳಿಯಾಗುತ್ತದೆ, ಗಿಣ್ಣಿನ ಸುತ್ತ ಚರ್ಮ ಕಪ್ಪಾಗಿ ನವೆಯಾಗುತ್ತದೆ, ಕೊನೆಗೆ ಹುಣ್ಣು. ಮನೆತನದಲ್ಲಿದ್ದವರಿಗೆ, ಹಲವು ಬಸಿರು ಕಂಡ ಹೆಂಗಸರಿಗೆ, ಒಂದೇ ಕಡೆ ಬಹಳ ಹೊತ್ತು ನಿಲ್ಲುವವರಿಗೆ ಇದು ಹೆಚ್ಚು. ನಡಿಗೆಯಿಂದ ಕೆಡುಕಿಲ್ಲ, ಅಲುಗಾಡದೆ ನಿಲ್ಲುವುದೇ ಕೆಡುಕು. ಕಣದಲ್ಲಿ ರಾಶಿ ತೂರುತ್ತಾ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ರಾತ್ರಿ ಕಾಲಡಿಗೆ ದಿಂಬಿಟ್ಟು ಮಲಗಿ.

ಆ ಹಿರಿಯರಿಗೆ ಆಸ್ಪತ್ರೆಯಲ್ಲಿ ಪಾದದ ನಾಡಿ ನೋಡಿ, ಬೆರಳಬುಡದಿಂದ ಮೊಣಕಾಲಿನವರೆಗೆ ಬಿಗಿಪಟ್ಟಿ ಸುತ್ತಿದರು. ನಾಲ್ಕು ತಿಂಗಳಲ್ಲಿ ಹುಣ್ಣು ಕೂಡಿತು. ನಾಡಿ ನೋಡಿಸದೆ ನೀವೇ ಪಟ್ಟಿ ಬಿಗಿಯಬೇಡಿ.

ಉಬ್ಬಿದ ಸಿರೆ ಒಡೆದು ರಕ್ತ ಬಂದರೆ ಗಾಬರಿಯಾಗಿ ಹಗ್ಗ ಕಟ್ಟಬೇಡಿ. ಮಲಗಿಸಿ, ಕಾಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಒಯ್ಯಿರಿ. ಒಂದೇ ಕಾಲು ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಗೆಡ್ಡೆ ಕಳಚಿ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅಂದೇ ಡಾಕ್ಟರಿಗೆ ತೋರಿಸಿ.