ಗುರಿಗುಂಡಿನ ಆಕಾರ

ಗುಂಡೆಂದರೆ ಮೊನೆಯುಳ್ಳದ್ದೆಂದೇ ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಗಾಳಿಯನ್ನು ಸೀಳಿಕೊಂಡು ಹೋಗತಕ್ಕ ವಸ್ತುವಿಗೆ ಚೂಪಾದ ಮುಖವಿದ್ದರಲ್ಲವೇ ಅನುಕೂಲ? ದೂರಕ್ಕೆ ಹೊಡೆಯುವ ರೈಫಲ್ಲಿನ ಮಟ್ಟಿಗೆ ಇದು ನಿಜವೇ. ಆದರೆ ಪಿಸ್ತೂಲಿನಿಂದ ಕಾಗದದ ಗುರಿಗೆ ಹೊಡೆಯುವ ಪಂದ್ಯಗಳಲ್ಲಿ ಬಹುಕಾಲದಿಂದ ಮನ್ನಣೆ ಪಡೆದಿರುವ ಗುಂಡಿಗೆ ಮೊನೆಯೇ ಇಲ್ಲ. ಅದು ಮೊಂಡಾದ ಸೀಸದ ತುಂಡು; ಮೇಜಿನ ಮೇಲೆ ನಿಲ್ಲಿಸಿದರೆ ಪುಟ್ಟದೊಂದು ಡಬ್ಬಿಯಂತೆ ನಿಂತುಕೊಳ್ಳುತ್ತದೆ. ವಾಡ್‌ಕಟರ್ ಎಂದು ಅದರ ಹೆಸರು. ಹಾರಿಹೋದ ತೋಟಾಗಳ ಚಿಪ್ಪನ್ನು ಆರಿಸಿಟ್ಟುಕೊಂಡು, ಅವಕ್ಕೆ ಮರಳಿ ತಾವೇ ಮದ್ದು ಗುಂಡುಗಳನ್ನು ತುಂಬಿಕೊಳ್ಳುವ ಪಂದ್ಯಗಾರರು ಅಮೆರಿಕದಲ್ಲಿ ಬಹುಮಂದಿ ಇದ್ದಾರೆ. ಗುಂಡಿನ ಆಕಾರವನ್ನು ಆರಿಸಿಕೊಳ್ಳುವುದರಲ್ಲಿ ಅವರು ನೋಡತಕ್ಕ ಸಂಗತಿಗಳೇನೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ಕಾಗದದ ಮಾತು. ದುಂಡು ಮೂತಿಯ ಗುಂಡು ಕಾಗದವನ್ನು ಕತ್ತರಿಸುವುದಿಲ್ಲ. ಪಕ್ಕಕ್ಕೆ ತಳ್ಳಿ ಹರಿದುಕೊಂಡು ಹೋಗುತ್ತದೆ. ಅದು ದಾಟಿದ ಮೇಲೆ ಹರಿದ ಅಂಚುಗಳು ಮತ್ತೆ ಮುಚ್ಚಿಕೊಂಡು, ತೂತು ಗುಂಡಿಗಿಂತ ಕಿರಿದಾಗಿ ಕಾಣುತ್ತದೆ. ವಾಡ್‌ಕಟರಾದರೋ ರೈಲ್ವೆ ಟಿಕೆಟ್ಟಿಗೆ ತೂತು ಹಾಕುತ್ತಿದ್ದ ಇಕ್ಕಳದಂತೆ ಬಿಲ್ಲೆಯನ್ನು ಕಡಿದು ತೆಗೆಯುತ್ತದೆ. ಇದರಿಂದೇನು ಪ್ರಯೋಜನವೆಂದರೆ, ತೂತಿನ ಅಂಚು ಒಳಗಿನ ವೃತ್ತದ ಗೆರೆಯನ್ನು ಮುಟ್ಟಿದರೂ ಸಾಕು, ಹೆಚ್ಚಿನ ಅಂಕವೇ ಸಲ್ಲಬೇಕೆಂಬುದು ಪಂದ್ಯದ ನಿಯಮ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 25 ಮೀಟರು ದೂರದ ನಿಧಾನದ ಹೊಡೆತಕ್ಕೆ ಇಡುವ ಗುರಿಯಲ್ಲಿ ಹತ್ತರ ವೃತ್ತದ ಅಡ್ಡಳತೆ 50 ಮಿಲಿಮೀಟರು. ಕೂದಲೆಳೆಯಷ್ಟು ಅಂತರದಲ್ಲಿ ಒಂದಂಕ ಬರುವುದೂ ಹೋಗುವುದೂ ಉಂಟು.

ಒಂದಂಕದ ಬೆಲೆಯೆಷ್ಟೆಂಬುದಕ್ಕೆ ನಮ್ಮವರದೇ ಉದಾಹರಣೆಯಿದೆ. 2006ರಲ್ಲಿ ದೋಹಾದ ಏಷ್ಯನ್ ಕ್ರೀಡೆಗಳಲ್ಲಿ ಜಸ್ಪಾಲ್ ರಾಣಾ ಅವರು ಸೆಂಟರ್ ಫೈರ್ ಪಿಸ್ತೂಲಿನಲ್ಲಿ 600ಕ್ಕೆ 590 ಅಂಕಗಳನ್ನು ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅರವತ್ತು ಹೊಡೆತಗಳಲ್ಲಿ ಕಳೆದುಕೊಂಡದ್ದು ಹತ್ತೇ ಅಂಕ! ಈ ಮಟ್ಟದಲ್ಲಿ ಗೆರೆಯನ್ನು ಮುಟ್ಟಿತೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಗೊಡುವ ಹರುಕು ತೂತನ್ನು ಯಾರು ತಾನೇ ಬಯಸಿಯಾರು? ವಿದ್ಯುದ್ಯಂತ್ರದಿಂದ ಅಂಕವೆಣಿಸುವ ಗುರಿಗಳಿರುವೆಡೆ ಈ ತೊಡಕು ಕಡಮೆಯಾಗಿದೆ. ಕಾಗದವಿರುವೆಡೆ ಹಾಗೆಯೇ ಇದೆ.

ಇನ್ನು ಗಾಳಿಯ ಮಾತು. ಚಪ್ಪಟೆ ಮುಖಕ್ಕೆ ಗಾಳಿಯ ತಡೆ ಹೆಚ್ಚೆಂಬುದು ನಿಶ್ಚಯ. ಆದರೆ 38 ಸ್ಪೆಷಲ್ ಎಂಬ ತೋಟಾದಲ್ಲಿ ಬಳಸುವ 148 ಗ್ರೇನು ತೂಕದ ವಾಡ್‌ಕಟರು ಸೆಕೆಂಡಿಗೆ ಸುಮಾರು 700ರಿಂದ 750 ಅಡಿಗಳ ವೇಗದಲ್ಲಿ, ಎಂದರೆ ಶಬ್ದಕ್ಕಿಂತ ಬಹಳ ನಿಧಾನವಾಗಿ, ಸಾಗುತ್ತದೆ. 25 ಗಜದೊಳಗೆ ಈ ತಡೆಯಿಂದ ಬಾಧಕವಿಲ್ಲ. 50 ಗಜಕ್ಕೂ ಒಳ್ಳೆಯ ತೋಟಾ ಸಾಲುತ್ತದೆ. ಅದರಾಚೆ ಗುಂಡು ಓಲಾಡತೊಡಗುವ ಸಂಭವವುಂಟು. ಆಗ ಕಾಗದದಲ್ಲಿ ದುಂಡು ತೂತಿಗೆ ಬದಲು ಬೀಗದ ಕಂಡಿಯಂಥ ಗುರುತು ಬೀಳುತ್ತದೆ.

ಆರಿಸುವವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಟ್ಟಿಹಾಕುವುದು ಅವನ ಕೈಯಲ್ಲಿರುವ ಆಯುಧವೇ. ರಿವಾಲ್ವರಿನಲ್ಲಿ ತೋಟಾಗಳನ್ನು ಕೈಯಿಂದಲೇ ಗೂಡುಗಳೊಳಗೆ ಇಡುವುದರಿಂದ ಗುಂಡಿನ ಮುಖ ಹೇಗಿದ್ದರೂ ನಡೆಯುತ್ತದೆ. ತಾನಾಗಿ ತೋಟಾವನ್ನು ಏರಿಸಿಕೊಳ್ಳುವ ಪಿಸ್ತೂಲಿನಲ್ಲಿಯಾದರೋ ತೋಟಾವು ಇಳಿಜಾರೊಂದನ್ನು ಹತ್ತಿ ನಳಿಗೆಯ ಬಾಯನ್ನು ಸೇರಬೇಕು. ಚಪ್ಪಟೆ ಮುಖವು ಅಲ್ಲಿ ಎಡವುತ್ತದೆ. ಸ್ಮಿತ್ ಅಂಡ್ ವೆಸನ್ ಕಂಪೆನಿಯವರು 1961ರಲ್ಲಿ ಗುಂಡನ್ನು ಬದಲಾಯಿಸುವ ಬದಲು ಪಿಸ್ತೂಲನ್ನೇ ಅದಕ್ಕೆ ಒಪ್ಪುವಂತೆ ಮಾಡಿದರು. ಅವರ ಮಾಡೆಲ್ 52 ಎಂಬುದು, ಗುಂಡಿನ ಮುಖವು ಚಿಪ್ಪಿನ ಬಾಯಿಗೆ ಸಮವಾಗಿ ಒಳಗೇ ಕುಳಿತ ತೋಟಾಗಳನ್ನು ಮಾತ್ರ, ಅದೂ ಸಲಕ್ಕೆ ಐದನ್ನು, ಸ್ವೀಕರಿಸುತ್ತಿತ್ತು. ಎಲ್ಲರಿಗೂ ಇಂಥ ಪಿಸ್ತೂಲು ಎಲ್ಲಿಂದ ಬರಬೇಕು? 45 ಆಟೋಮ್ಯಾಟಿಕ್ಕನ್ನು ಹಿಡಿದವರು ಸೆಮಿ ವಾಡ್‌ಕಟರ್ ಎಂಬ ನಡುದಾರಿಯನ್ನು ಹಿಡಿದರು. ಇದರ ಮೂತಿ ತುದಿ ಕಡಿದ ಶಂಕುವಿನಂತಿದ್ದು, ಏರುವುದಕ್ಕೆ ಸುಲಭ. ಮೂತಿಯ ಬುಡದಲ್ಲಿರುವ ಹರಿತವಾದ ಹೆಗಲು ಕಾಗದವನ್ನು ಕಡಿಯುತ್ತದೆ. 1907ರಿಂದ ಅಮೆರಿಕದ ರಾಷ್ಟ್ರೀಯ ಪಂದ್ಯಗಳಿಗೆ ಹೆಸರಾದ ಒಹೈಯೋ ಸಂಸ್ಥಾನದ ಕ್ಯಾಂಪ್ ಪೆರಿಯಲ್ಲಿ ಈ ಆಕಾರ ಚಿರಪರಿಚಿತ. ಅಲ್ಲಿನ ಶೀಘ್ರದ ಹೊಡೆತದಲ್ಲಿ ಹತ್ತು ಸೆಕೆಂಡಿನೊಳಗೆ ಐದು ಗುಂಡು ಹಾರಬೇಕು. ನಡುವೆ ಒಂದು ತೋಟಾ ಸಿಕ್ಕಿಕೊಂಡಿತೋ, ತೂತಿನ ಅಂದವನ್ನು ಕಟ್ಟಿಕೊಂಡು ಮಾಡುವುದೇನು?

ಮೂತಿಯ ಮೇಲೆ ಇಷ್ಟು ಚರ್ಚೆಯಾದರೂ, ಬುಡವನ್ನು ಮರೆಯತಕ್ಕದ್ದಲ್ಲ. ಫ್ರಾಂಕ್ಲಿನ್ ಮ್ಯಾನ್ ಎಂಬ ಅಮೆರಿಕದ ವೈದ್ಯರು ಗುಂಡುಗಳನ್ನು ಬೇಕೆಂದೇ ಊನಗೊಳಿಸಿ ಹಾರಿಸಿ ನೋಡಿ, ಫಲಿತಾಂಶಗಳನ್ನು 1909ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮೂತಿ ಜಜ್ಜಿದ ಗುಂಡು ಬಹುಮಟ್ಟಿಗೆ ನೆಟ್ಟಗೆ ಹೋಗುತ್ತದೆ, ಬುಡ ಕೆಟ್ಟದ್ದು ದಾರಿ ತಪ್ಪುತ್ತದೆ. ನಳಿಗೆಯ ತುದಿಯನ್ನು ಬಿಡುವ ಕ್ಷಣದಲ್ಲಿ ಹೊಗೆಯ ಒತ್ತಡ ಕಡೆಯದಾಗಿ ತಾಗುವುದು ಬುಡಕ್ಕೇ ಅಲ್ಲವೇ! ಕೆಲವು ವಾಡ್‌ಕಟರುಗಳ ಬುಡವನ್ನು ಟೊಳ್ಳಾಗಿ ಮಾಡಿರುತ್ತಾರೆ; ಒತ್ತಡಕ್ಕೆ ಅದು ಹಿಗ್ಗಿ ನಳಿಗೆಗೆ ಬಿಗಿಯಾಗಿ ಹೊಂದಿಕೊಳ್ಳುತ್ತದೆ. ಮದ್ದು ಮಿತಿಮೀರಿದರೆ ಈ ತೆಳುವಾದ ಅಂಚು ಹರಿದು ನಳಿಗೆಯಲ್ಲೇ ಉಳಿಯಬಹುದು, ಹಿಂದೆ ಬರುವ ಗುಂಡು ಅದಕ್ಕೆ ಬಡಿಯಬಹುದು. ಗುಂಡು ಚಿಪ್ಪಿನೊಳಗೆ ಆಳವಾಗಿ ಕುಳಿತಷ್ಟೂ ಮದ್ದಿಗಿರುವ ಎಡೆ ಕಿರಿದಾಗಿ ಒತ್ತಡ ಏರುವುದರಿಂದ, ದುಂಡು ಮೂತಿಗೆ ಸರಿಹೋದ ಅಳತೆಯನ್ನೇ ವಾಡ್‌ಕಟರಿಗೂ ಇಡುವುದು ಅಪಾಯದ ಕೆಲಸ. ತಯಾರಕರು ಆಯಾ ಆಕಾರಕ್ಕೆಂದೇ ಅಚ್ಚುಹಾಕಿಸುವ ಪಟ್ಟಿಯನ್ನು ಬಲ್ಲವರು ಮೀರುವುದಿಲ್ಲ. ನಮ್ಮ ದೇಶದಲ್ಲಂತೂ 1959ರ ಆಯುಧ ಕಾಯಿದೆಯ ಮೇರೆಗೆ ಲೈಸೆನ್ಸಿಲ್ಲದೆ ತೋಟಾ ತಯಾರಿಸಕೂಡದು.

ಅಚ್ಚಿನ ಚೆಲುವಿಗೆ ಮರುಳಾಗಿ ಗುಂಡನ್ನು ಆರಿಸುವವರೂ ಇಲ್ಲದಿಲ್ಲ. ನಾವು ಮೆಚ್ಚುವ ಕ್ರಮವೇ ಬೇರೆ. ಪಿಸ್ತೂಲನ್ನು ಅಲುಗಾಡದಂತೆ ಆಸರೆಗೊರಗಿಸಿ, ಪಂದ್ಯದ ದೂರದಲ್ಲಿಯೇ ಒಂದೊಂದು ಆಕಾರದವನ್ನೂ ಹತ್ತು ಹತ್ತು ಹಾರಿಸುತ್ತಾರೆ. ಒಂದೂ ಸಿಕ್ಕಿಕೊಳ್ಳದೆ ಹಾರಿದವುಗಳಲ್ಲಿ ಯಾವುದರ ತೂತುಗಳು ಒತ್ತಾಗಿ ಬಿದ್ದಿವೆಯೋ ಅದರ ಅಚ್ಚನ್ನು ಮನೆಗೆ ತರುತ್ತಾರೆ.