ಪೊಳ್ಳು ದುಂಬಿಯ ನಿಜನಾಮ



ಈಚೆಗೆ ಡೊಂಬಿವಲಿಯಿಂದ ಕೇಳುಗರೊಬ್ಬರು ಫೋನ್ ಮಾಡಿದ್ದರು. ಮೂಲ ಪುತ್ತೂರಿನ ಕಡೆ. ಊರಿನಲ್ಲಿ ಅಣ್ಣ ತೋಟ ನೋಡಿಕೊಳ್ಳುತ್ತಾರೆ. "ಈ ಸಲ ಕಾಳುಮೆಣಸೆಲ್ಲ ಪೊಳ್ಳಾಗ್ತಾ ಉಂಟಂತೆ ಮೇಡಂ. ಅದಕ್ಕೊಂದು ಹುಳ ಉಂಟಲ್ಲ, ಅದರ ಹೆಸರು ಹಳೇ ಪುಸ್ತಕದಲ್ಲಿ ಒಂದು, ಹೊಸ ಕರಪತ್ರದಲ್ಲಿ ಇನ್ನೊಂದು. ಹುಳ ಒಂದೋ ಎರಡೋ?" ಎಂದು ಕೇಳಿದರು.

ನಾನು ಓದಿದ್ದು ಕನ್ನಡ ಬಿ.ಎ. ಹುಳುಗಳ ಶಾಸ್ತ್ರ ನನ್ನದಲ್ಲ. ಆದರೆ ಪ್ರಶ್ನೆ ಹೆಸರಿನದು. ಹೆಸರು ತಪ್ಪಿದರೆ ಏನಾಗುತ್ತದೆಂದು ಉದ್ಘೋಷಕರಾದ ನಮಗೆ ಗೊತ್ತು. ಹುಡುಕಿ ಓದಿದೆ. ತಿಳಿದದ್ದನ್ನು ಇಂದು ನಿಮ್ಮೆಲ್ಲರ ಮುಂದಿಡುತ್ತೇನೆ.

ಈ ಹುಳು ಚಿಗಟ ದುಂಬಿಗಳ ಗುಂಪಿಗೆ ಸೇರಿದ್ದು. ಮುಟ್ಟಲು ಹೋದರೆ ಚಿಗಟದ ಹಾಗೆ ಚಂಗನೆ ಹಾರುತ್ತದೆ. ಹಿಂಗಾಲಿನ ದಪ್ಪ ತೊಡೆಯೊಳಗೆ ಸ್ಪ್ರಿಂಗಿನಂಥ ಒಂದು ಅಂಗವಿದೆ, ಅದರದೇ ಈ ಜಿಗಿತ. ಜಗತ್ತಿನಲ್ಲಿ ಇಂಥ ದುಂಬಿಗಳು ಸುಮಾರು 10,000 ಬಗೆ. ನಮ್ಮ ದುಂಬಿಯ ಉದ್ದ ಎರಡೂವರೆ ಮಿಲಿಮೀಟರ್. ತಲೆ, ಎದೆ ಹಳದಿಗಂದು, ರೆಕ್ಕೆ ಕಪ್ಪು. ಎಳೆಯ ತೆನೆಯಲ್ಲೂ ಕಾಳಿನಲ್ಲೂ ಮೊಟ್ಟೆಯಿಡುತ್ತದೆ. ಮರಿಹುಳು ಕಾಳು ಕೊರೆದು ತಿರುಳು ತಿನ್ನುತ್ತದೆ. ಹೊರಗೆ ಕಾಳಿನ ಆಕಾರವಿದ್ದರೂ ಒಳಗೆ ಏನೂ ಇಲ್ಲ, ಪೊಳ್ಳು. ಮಲಯಾಳದಲ್ಲೂ ಅದೇ ಮಾತು, ಅದೇ ಅರ್ಥ. ಇಂಗ್ಲಿಷ್ ಕೃಷಿ ಪುಸ್ತಕಗಳಲ್ಲೂ ಇದು 'ಪೊಳ್ಳು ಬೀಟಲ್' ಎಂದೇ ಪ್ರಸಿದ್ಧ.

ಊರಿನ ಹೆಸರು ಹೀಗೆ ಗಟ್ಟಿಯಾಗಿತ್ತು. ಗೊಂದಲವಿದ್ದದ್ದು ಶಾಸ್ತ್ರೀಯ ಹೆಸರಿನಲ್ಲಿ.

ಶಾಸ್ತ್ರೀಯ ಹೆಸರಿಗೆ ಎರಡು ಭಾಗ. ಮೊದಲು ಕುಲದ ಹೆಸರು, ಆಮೇಲೆ ಪ್ರಭೇದದ ಹೆಸರು. ಮುಂಬಯಿಗೆ ಬಂದ ಹೊಸತರಲ್ಲಿ ಫಾರಂ ತುಂಬುವಾಗ 'ಸರ್‌ನೇಮ್ ಕ್ಯಾ ಹೈ' ಎಂದು ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ತಬ್ಬಿಬ್ಬಾಗಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಬರೆಸಿದ್ದೇವೆ. ಒಮ್ಮೆ ಬರೆಸಿದ್ದು ರೇಷನ್ ಕಾರ್ಡಿನಿಂದ ಮಕ್ಕಳ ಶಾಲೆಯವರೆಗೂ ಹಿಂಬಾಲಿಸುತ್ತದೆ. ಈ ದುಂಬಿಗೆ ಆದದ್ದೂ ಅದೇ. ಯಾವಾಗಲೋ ಇದನ್ನು 'ಲಾಂಗಿಟಾರ್ಸಸ್ ನೈಗ್ರಿಪೆನ್ನಿಸ್' ಎಂದು ಗುರುತಿಸಲಾಯಿತು. 'ನೈಗ್ರಿಪೆನ್ನಿಸ್' ಎಂದರೆ ಕರಿರೆಕ್ಕೆಯದು. ರಷ್ಯದ ಮೊಚುಲ್ಸ್ಕಿ 19ನೇ ಶತಮಾನದಲ್ಲಿ ಇಟ್ಟ ಹೆಸರು ಅದು. 20ನೇ ಶತಮಾನದಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಅದೇ ಇಳಿದು ಬಂತು.

2010ರ ಆಸುಪಾಸಿನಲ್ಲಿ ಇದನ್ನು ಸರಿಪಡಿಸಿದವರು ಇಬ್ಬರು ವಿಜ್ಞಾನಿಗಳು: ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ.ಡಿ. ಪ್ರತಾಪನ್ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಿ.ಎ. ವಿರಕ್ತಮಠ. ಮೆಣಸು ತಿನ್ನುವ ದುಂಬಿ ಲಾಂಗಿಟಾರ್ಸಸ್ ಕುಲದ್ದೇ ಅಲ್ಲ, 'ಲಂಕಾ' ಎಂಬ ಕುಲದ್ದು ಎಂದು ಅವರು ನಿರ್ಣಯಿಸಿದರು. ಬರಿಯ ಕುಲ ತಪ್ಪಿದ್ದರೆ ಕುಲ ಬದಲಿಸಿ ಹಳೆಯ ಪ್ರಭೇದದ ಹೆಸರನ್ನೇ ಉಳಿಸಿಕೊಳ್ಳಬೇಕೆಂಬುದು ನಿಯಮ. ಇಲ್ಲಿ ಹಾಗಾಗಲಿಲ್ಲ. ಮೊಚುಲ್ಸ್ಕಿಯ ಹೆಸರು ಬೇರೊಂದು ದುಂಬಿಯದು. ನಮ್ಮ ದುಂಬಿಗೆ ಅಲ್ಲಿಯವರೆಗೆ ಶಾಸ್ತ್ರದಲ್ಲಿ ತನ್ನದೆಂಬ ಹೆಸರೇ ಇರಲಿಲ್ಲ! ಅವರು ಹೊಸದಾಗಿ ಇಟ್ಟ ಹೆಸರು 'ಲಂಕಾ ರಾಮಕೃಷ್ಣೈ'.

ಲಂಕಾ ಎಂಬ ಕುಲವನ್ನು 1926ರಲ್ಲಿ ಹೆಸರಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ದುಡಿಯುತ್ತಿದ್ದ ಬಂಗಾಳಿ ವಿದ್ವಾಂಸ ಸಮರೇಂದ್ರ ಮೌಲಿಕ್. ಆಗಲೇ ಹೇಳಿದ ಜಿಗಿತದ ಸ್ಪ್ರಿಂಗಿಗೆ 'ಮೌಲಿಕ್ ಅಂಗ' ಎಂಬ ಹೆಸರು ಬಂದದ್ದೂ ಅವರಿಂದಲೇ. 1753ರಲ್ಲಿ ಲಿನೇಯಸ್ ಮೆಣಸಿನ ಬಳ್ಳಿಗೆ 'ಪೈಪರ್ ನೈಗ್ರಮ್' ಎಂದು ಹೆಸರಿಟ್ಟು ಎರಡೂವರೆ ಶತಮಾನ ಕಳೆದ ಮೇಲೆ ಅದನ್ನು ತಿನ್ನುವ ದುಂಬಿಗೆ ನಾಮಕರಣವಾಯಿತು.

ಇಷ್ಟನ್ನೂ ಹೇಳಿದಾಗ ಡೊಂಬಿವಲಿಯ ಕೇಳುಗರು ನಕ್ಕು, "ಹೆಸರು ಬದಲಿಸಿದರೆ ಹುಳ ತಿನ್ನುವುದು ಬಿಡ್ತದಾ ಮೇಡಂ?" ಎಂದರು.

ಬಿಡುವುದಿಲ್ಲ. ನಿಜ. ಆದರೆ ನನ್ನದೇ ಒಂದು ಪಾಡು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಟೇಪನ್ನು ತಪ್ಪು ಚೀಟಿ ಅಂಟಿಸಿದ ಡಬ್ಬಿಯಲ್ಲಿಟ್ಟುಬಿಟ್ಟಿದ್ದೆ. ಟೇಪು ಹಾಳಾಗಿರಲಿಲ್ಲ, ಕಪಾಟಿನಲ್ಲೇ ಇತ್ತು. ಆದರೂ ಬೇಕಾದ ದಿನ ಸಿಗಲಿಲ್ಲ. ಹೆಸರು ತಪ್ಪಿದ ಸಂಶೋಧನೆಯೂ ಹೀಗೆಯೇ. ಮೆಣಸಿನ ದುಂಬಿಯ ಬಗ್ಗೆ ಹಳಬರು ಕಷ್ಟಪಟ್ಟು ಕಂಡುಕೊಂಡದ್ದು ಬೇರೊಂದು ದುಂಬಿಯ ಖಾತೆಗೆ ಜಮೆಯಾಗಿ ಕೂತಿತ್ತು. ಈಗ ಎರಡು ಹೆಸರನ್ನೂ ಬಲ್ಲವರು ಅದನ್ನು ಹೊರತೆಗೆದು ಓದಬಹುದು. ಆದ್ದರಿಂದ ಅವರ ಪ್ರಶ್ನೆಗೆ ಉತ್ತರ ಇಷ್ಟೇ: ಮೆಣಸಿನ ಬಗ್ಗೆ ಬರೆದ ಹಳೇ ಪುಸ್ತಕದ ಹುಳವೂ ಹೊಸ ಕರಪತ್ರದ ಹುಳವೂ ಒಂದೇ. ಹೊಸ ಹೆಸರು ಸರಿ. ಹಳೇ ಪುಸ್ತಕ ಎಸೆಯಬೇಡಿ.

ಇನ್ನೊಂದು ಮಾತು, ಊರಲ್ಲಿ ತೋಟವಿರುವ ಎಲ್ಲರಿಗೂ. 'ಪೊಳ್ಳು' ಎಂಬ ನಮ್ಮ ಹೆಸರಿನಲ್ಲೂ ಒಂದು ತೊಡಕಿದೆ. ಶಿಲೀಂಧ್ರದಿಂದ ಬರುವ ರೋಗಕ್ಕೂ ಜನ ಪೊಳ್ಳು ರೋಗವೆಂದೇ ಹೇಳುತ್ತಾರೆ. ದುಂಬಿ ಹೊಕ್ಕ ಕಾಳು ಕಪ್ಪಾಗಿರುತ್ತದೆ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಶಿಲೀಂಧ್ರದ ಕಾಳಿನಲ್ಲಿ ಮೊದಲು ಕಂದು ಬಣ್ಣದ ತಗ್ಗಾದ ಕಲೆ, ಆಮೇಲೆ ಅಡ್ಡಸೀಳು. ಒಂದರ ಔಷಧಿ ಇನ್ನೊಂದಕ್ಕೆ ಹೊಡೆದರೆ ದುಡ್ಡೂ ಹೋಯಿತು, ಬೆಳೆಯೂ ಹೋಯಿತು. ದುಂಬಿಯ ಕಾಟ 300 ಮೀಟರಿಗಿಂತ ತಗ್ಗಿನ ಊರುಗಳಲ್ಲಿ, ನೆರಳು ದಟ್ಟವಾಗಿರುವ ತೋಟಗಳಲ್ಲಿ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಅದರ ಸಂಖ್ಯೆ ಏರುತ್ತದೆ. ಮರಗಳ ರೆಂಬೆ ಸವರಿ ಬೆಳಕು ಬಿಡುವುದು ಮೊದಲ ಉಪಾಯ. ಔಷಧಿಗೆ ಮುಂಚೆ ನಾಲ್ಕು ಕಾಳು ಕಿತ್ತುಕೊಂಡು ಹೋಗಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.

ಭಾನುವಾರ ಊರಿಗೆ ಫೋನ್ ಮಾಡುತ್ತೀರಲ್ಲ, ಮಳೆ ಹೇಗಿದೆ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: "ಪೊಳ್ಳು ಕಾಳನ್ನು ಒತ್ತಿ ನೋಡಿದ್ದೀರಾ?"